ಎಣಿಸದೆ ಬಂದ ರಾಷ್ಟ್ರಪತಿ: ರಾಜಕೀಯ ಥ್ರಿಲ್ಲರ್ ಬರೆಯಹೊರಟ ಕಾಸರಗೋಡಿನವರಿಗೆ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಹೊಸ ಬರಹಗಾರರು ಪದೇ ಪದೇ ಕೇಳುವ ಪ್ರಶ್ನೆ ಇದು: ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳದ ಒಬ್ಬ ವ್ಯಕ್ತಿ ದಿಢೀರನೆ ದೇಶದ ಅತ್ಯುನ್ನತ ಕುರ್ಚಿಯಲ್ಲಿ ಕೂರಬೇಕಾಗುತ್ತದೆ, ಅದೇ ಹೊತ್ತಿಗೆ ದೇಶಕ್ಕೆ ದೊಡ್ಡ ಗಂಡಾಂತರ ಬರುತ್ತದೆ, ಈ ಕಥೆಯನ್ನು ನಮ್ಮ ಊರಿನವರನ್ನೇ ಇಟ್ಟುಕೊಂಡು ಬರೆಯಬಹುದೇ?

ಧಾರಾಳವಾಗಿ ಬರೆಯಬಹುದು. ಆದರೆ ಇಂಥ ಹಸ್ತಪ್ರತಿಗಳು ಸಾಮಾನ್ಯವಾಗಿ ಮುಗ್ಗರಿಸುವುದು ಒಂದೇ ಕಡೆ. ಅಮೆರಿಕದ ಸರಣಿಗಳನ್ನು ನೋಡಿ ತಲೆಯಲ್ಲಿ ಕೂತ ಅಧ್ಯಕ್ಷನನ್ನು ತಂದು ದಿಲ್ಲಿಯ ರಾಷ್ಟ್ರಪತಿ ಭವನದಲ್ಲಿ ಕೂರಿಸಿಬಿಡುತ್ತಾರೆ. ಅಲ್ಲಿನ ಅಧ್ಯಕ್ಷ ಆಜ್ಞೆ ಮಾಡುತ್ತಾನೆ, ಇಲ್ಲಿನ ರಾಷ್ಟ್ರಪತಿ ಸಹಿ ಹಾಕುತ್ತಾರೆ. ಈ ವ್ಯತ್ಯಾಸ ಮರೆತ ಕಾದಂಬರಿಯನ್ನು ಪಿಯುಸಿ ರಾಜ್ಯಶಾಸ್ತ್ರ ಓದಿದವರೂ ನಂಬುವುದಿಲ್ಲ. ನೆನಪಿಟ್ಟುಕೊಂಡರೆ ಕಥೆಯ ಬಿಗಿ ಅಲ್ಲಿಂದಲೇ ಸಿಗುತ್ತದೆ. ಬರೀ ಪೆನ್ನು ಹಿಡಿದವನು ಎಷ್ಟು ಹೊತ್ತು ತಡೆದು ನಿಲ್ಲಬಲ್ಲ ಎಂಬುದೇ ಇಲ್ಲಿನ ರೋಮಾಂಚನ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಸಂವಿಧಾನದ ಕನ್ನಡ ಪ್ರತಿ (52ರಿಂದ 78ರವರೆಗಿನ ವಿಧಿಗಳು, 352ರಿಂದ 360ರವರೆಗಿನವು, ಜೊತೆಗೆ 3, 111, 123, 143 ಮತ್ತು 350ಬಿ ಸಾಕು), ಕಥೆ ನಡೆಯುವ ವರ್ಷದ ಕ್ಯಾಲೆಂಡರ್, ಐವತ್ತು ಅರವತ್ತು ಖಾಲಿ ಕಾರ್ಡು.

1. ಯಾವ ಕುರ್ಚಿ ಎಂದು ಮೊದಲು ತೀರ್ಮಾನಿಸಿ

ಮೂರು ದಾರಿ ಇವೆ.

ಮೊದಲನೆಯದು ಅಮೆರಿಕ. ಅಲ್ಲಿ ಅಧ್ಯಕ್ಷ ಸತ್ತರೆ ಉಪಾಧ್ಯಕ್ಷ ಕೂಡಲೇ ಪೂರ್ಣ ಅಧ್ಯಕ್ಷನಾಗುತ್ತಾನೆ. ಅವನೂ ಇಲ್ಲದಿದ್ದರೆ 1947ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಕೆಳಮನೆಯ ಸ್ಪೀಕರ್, ಸೆನೆಟ್ಟಿನ ಹಂಗಾಮಿ ಅಧ್ಯಕ್ಷ, ಆಮೇಲೆ ವಿದೇಶಾಂಗ ಕಾರ್ಯದರ್ಶಿಯಿಂದ ಶುರುವಾಗಿ ಸಂಪುಟದ ಸಾಲು. ಉಪ್ಪಳದಲ್ಲಿ ಹುಟ್ಟಿ ಅಲ್ಲಿಗೆ ಹೋಗಿ ಪೌರತ್ವ ಪಡೆದವನನ್ನು ಹೀಗೆ ಅಧ್ಯಕ್ಷ ಮಾಡುವ ಆಸೆ ಕೆಲವರಿಗೆ. ಆಗುವುದಿಲ್ಲ. ಅಲ್ಲಿನ ಅಧ್ಯಕ್ಷ ಹುಟ್ಟಿನಿಂದಲೇ ಅಮೆರಿಕನ್ ಪ್ರಜೆಯಾಗಿರಬೇಕು, ವಯಸ್ಸು 35 ತುಂಬಿರಬೇಕು, 14 ವರ್ಷ ಅಲ್ಲಿ ವಾಸವಾಗಿರಬೇಕು. ಹೊರದೇಶದಲ್ಲಿ ಹುಟ್ಟಿದ ಹೆನ್ರಿ ಕಿಸಿಂಜರ್ ವಿದೇಶಾಂಗ ಕಾರ್ಯದರ್ಶಿಯಾದರೂ ಈ ಸಾಲಿಗೆ ಸೇರುತ್ತಿರಲಿಲ್ಲ. ಉಪ್ಪಳದ ದಂಪತಿಗೆ ಅಲ್ಲೇ ಹುಟ್ಟಿದ ಮಗಳಾದರೆ ಸರಿ.

ಎರಡನೆಯದು ಭಾರತದ ಪ್ರಧಾನಿ ಕುರ್ಚಿ. ನಿಜವಾದ ಅಧಿಕಾರ ಇರುವುದು ಅಲ್ಲೇ. 1996ರ ಜೂನ್ 1ರಂದು ಎಚ್.ಡಿ. ದೇವೇಗೌಡರು ಪ್ರಮಾಣವಚನ ತೆಗೆದುಕೊಂಡಾಗ ಅವರು ಸಂಸದರೇ ಆಗಿರಲಿಲ್ಲ. ಆರು ತಿಂಗಳೊಳಗೆ ಸಂಸತ್ತಿನ ಸದಸ್ಯರಾದರೆ ಸಾಕು ಎಂದು 75ನೇ ವಿಧಿ ಹೇಳುತ್ತದೆ. ಗುಲ್ಜಾರಿಲಾಲ್ ನಂದಾ 1964ರಲ್ಲಿ, ಮತ್ತೆ 1966ರಲ್ಲಿ, ಪ್ರಧಾನಿ ತೀರಿಹೋದ ಕೂಡಲೇ ಕೆಲವೇ ದಿನಗಳ ಮಟ್ಟಿಗೆ ಆ ಕುರ್ಚಿಯಲ್ಲಿ ಕೂತವರು. ಇದು ಸುಲಭದ ದಾರಿ, ಆದ್ದರಿಂದಲೇ ಹೆಚ್ಚು ತುಳಿದ ದಾರಿ.

ಮೂರನೆಯದು ರಾಷ್ಟ್ರಪತಿ. ಕಷ್ಟದ್ದು, ನನ್ನ ಆಯ್ಕೆಯೂ ಇದೇ. ಮುಂದಿನ ಹಂತಗಳನ್ನು ಇದನ್ನೇ ಇಟ್ಟುಕೊಂಡು ಹೇಳುತ್ತೇನೆ.

2. ಕುರ್ಚಿಯನ್ನು ಕಾನೂನುಬದ್ಧವಾಗಿ ಖಾಲಿ ಮಾಡಿ

ರಾಷ್ಟ್ರಪತಿ ತೀರಿಹೋದರೆ ಅಥವಾ ರಾಜೀನಾಮೆ ಕೊಟ್ಟರೆ 65ನೇ ವಿಧಿಯಂತೆ ಉಪರಾಷ್ಟ್ರಪತಿ ಆ ಕೆಲಸ ನೋಡಿಕೊಳ್ಳುತ್ತಾರೆ. ಗಮನಿಸಿ, ಅವರು ಪೂರ್ಣ ರಾಷ್ಟ್ರಪತಿ ಆಗುವುದಿಲ್ಲ, ಹಂಗಾಮಿ ಮಾತ್ರ. ಆರು ತಿಂಗಳೊಳಗೆ ಹೊಸ ಚುನಾವಣೆ ಆಗಲೇಬೇಕು (62ನೇ ವಿಧಿ). ಅಮೆರಿಕದ ಕಥೆಯಲ್ಲಿ ಇಲ್ಲದ ಗಡುವು ಇದು, ನಿಮಗೆ ಪುಕ್ಕಟೆ ಸಿಗುತ್ತದೆ. ಹಂಗಾಮಿಯಾದವರು ಆ ಅವಧಿಯಲ್ಲಿ ರಾಜ್ಯಸಭೆಯ ಸಭಾಪತಿಯ ಕೆಲಸ ಮಾಡುವ ಹಾಗಿಲ್ಲ, ಉಪಸಭಾಪತಿ ಕೂರುತ್ತಾರೆ. ಪ್ರಮಾಣವಚನ ಬೋಧಿಸುವವರು ಭಾರತದ ಮುಖ್ಯ ನ್ಯಾಯಮೂರ್ತಿ. ಅವರಿಲ್ಲದಿದ್ದರೆ ಸುಪ್ರೀಂ ಕೋರ್ಟಿನ ಲಭ್ಯರಿರುವ ಅತಿ ಹಿರಿಯ ನ್ಯಾಯಮೂರ್ತಿ.

ಉಪರಾಷ್ಟ್ರಪತಿ ಸ್ಥಾನವೂ ಖಾಲಿ ಇದ್ದರೆ? ಈ ಪ್ರಶ್ನೆ 1969ರಲ್ಲಿ ನಿಜವಾಗಿಯೇ ಎದ್ದಿತು. ಮೇ 3ರಂದು ಜಾಕಿರ್ ಹುಸೇನ್ ನಿಧನರಾದರು, ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿಯಾದರು. ಅದೇ ತಿಂಗಳು ಸಂಸತ್ತು ಒಂದು ಕಾಯ್ದೆ ಮಾಡಿ, ಇಬ್ಬರೂ ಇಲ್ಲದಾಗ ಮುಖ್ಯ ನ್ಯಾಯಮೂರ್ತಿ ರಾಷ್ಟ್ರಪತಿಯ ಕೆಲಸ ನೋಡಬೇಕು ಎಂದಿತು. ಜುಲೈ 20ರಂದು ಗಿರಿ ತಾವೇ ಚುನಾವಣೆಗೆ ನಿಲ್ಲಲು ರಾಜೀನಾಮೆ ಕೊಟ್ಟರು. ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಆಗಸ್ಟ್ 24ರವರೆಗೆ ದೇಶದ ಹಂಗಾಮಿ ರಾಷ್ಟ್ರಪತಿ! ಇದು ಹಳೇ ಕಥೆ ಎಂದುಕೊಳ್ಳಬೇಡಿ. 2025ರ ಜುಲೈ 21ರಂದು ಜಗದೀಪ್ ಧನಕರ್ ರಾಜೀನಾಮೆ ಕೊಟ್ಟ ಮೇಲೆ ಸೆಪ್ಟೆಂಬರ್‌ವರೆಗೆ ಉಪರಾಷ್ಟ್ರಪತಿ ಸ್ಥಾನ ಖಾಲಿಯಿತ್ತು. ಅಂಥದೇ ಕೆಲವು ವಾರಗಳ ಸಂದಿನಲ್ಲಿ ನಿಮ್ಮ ಕಥೆ ಶುರುವಾದರೆ, ಪೆರ್ಲದಲ್ಲಿ ಹುಟ್ಟಿ ಹೈಕೋರ್ಟು ಸುಪ್ರೀಂ ಕೋರ್ಟು ಹತ್ತಿದ ಒಬ್ಬ ನ್ಯಾಯಮೂರ್ತಿಯನ್ನು ರಾಷ್ಟ್ರಪತಿ ಭವನಕ್ಕೆ ಕಳಿಸಲು ಒಂದೇ ಒಂದು ಸುಳ್ಳು ಕಾನೂನು ಹುಟ್ಟಿಸಬೇಕಾಗಿಲ್ಲ.

ಎಡವುವ ಜಾಗ: ರಾಷ್ಟ್ರಪತಿ, ಉಪರಾಷ್ಟ್ರಪತಿ, ಪ್ರಧಾನಿ, ಇಡೀ ಸಂಪುಟವನ್ನು ಒಂದೇ ಬಾಂಬಿನಲ್ಲಿ ಮುಗಿಸುವುದು. ಸಂಪುಟವೇ ಇಲ್ಲದಿದ್ದರೆ ರಾಷ್ಟ್ರಪತಿಗೆ ಸಲಹೆ ಕೊಡುವವರಿಲ್ಲ, ಎದುರಾಳಿಯೂ ಇಲ್ಲ. ಪ್ರಧಾನಿ ಬದುಕಿರಲಿ, ಗಟ್ಟಿಮುಟ್ಟಾಗಿರಲಿ.

3. ಬಿಕ್ಕಟ್ಟು ಒಂದು ಫೈಲಾಗಿ ಮೇಜಿನ ಮೇಲೆ ಬರಬೇಕು

ಯುದ್ಧ, ಬರ, ಸಾಂಕ್ರಾಮಿಕ, ಗಲಭೆ, ಏನಾದರೂ ಇರಲಿ. ರಾಷ್ಟ್ರಪತಿಯ ಸಹಿ ಬೇಡದ ಬಿಕ್ಕಟ್ಟು ನಿಮ್ಮ ನಾಯಕನಿಗೆ ಬರೀ ಟಿ.ವಿ. ಸುದ್ದಿ. 2020ರ ಲಾಕ್‌ಡೌನ್ ನಡೆದದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ. ಅದಕ್ಕೆ ತುರ್ತು ಪರಿಸ್ಥಿತಿಯ ಘೋಷಣೆ ಬೇಕಾಗಲಿಲ್ಲ. ಪರಮಾಣು ಅಸ್ತ್ರದ ಗುಂಡಿಯೂ ರಾಷ್ಟ್ರಪತಿ ಹತ್ತಿರ ಇಲ್ಲ. 2003ರಲ್ಲಿ ಪ್ರಕಟಿಸಿದ ಪರಮಾಣು ಕಮಾಂಡ್ ಪ್ರಾಧಿಕಾರದ ರಾಜಕೀಯ ಮಂಡಳಿಗೆ ಪ್ರಧಾನಿಯೇ ಅಧ್ಯಕ್ಷರು. ರಕ್ಷಣಾ ಪಡೆಗಳ ಪರಮಾಧಿಕಾರ ರಾಷ್ಟ್ರಪತಿಯದು ಎಂದು 53ನೇ ವಿಧಿ ಹೇಳುವುದು ನಿಜ, ಆದರೆ ಸಂಪುಟದ ಸಲಹೆ ಇಲ್ಲದೆ ಅವರು ಒಂದು ತುಕಡಿಯನ್ನೂ ಕದಲಿಸಲಾರರು.

ಸಹಿ ಬೇಕಾಗುವ ಫೈಲುಗಳು ಇವು:

352ನೇ ವಿಧಿ, ಅಂದರೆ ರಾಷ್ಟ್ರೀಯ ತುರ್ತು ಪರಿಸ್ಥಿತಿ. 1975ರ ಜೂನ್ 25ರ ರಾತ್ರಿ ಫಕ್ರುದ್ದೀನ್ ಅಲಿ ಅಹ್ಮದ್ ಸಹಿ ಹಾಕಿದಾಗ ಸಂಪುಟ ಸೇರಿಯೇ ಇರಲಿಲ್ಲ. ಸಚಿವರಿಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ. ಅದಕ್ಕೇ 1978ರ 44ನೇ ತಿದ್ದುಪಡಿಯಲ್ಲಿ ಸಂಪುಟದ ತೀರ್ಮಾನ ಲಿಖಿತವಾಗಿ ಬಂದರೆ ಮಾತ್ರ ಘೋಷಣೆ ಎಂದು ಸೇರಿಸಿದರು. ‘ಆಂತರಿಕ ಕ್ಷೋಭೆ’ ಎಂಬ ಕಾರಣ ಹೋಗಿ ‘ಸಶಸ್ತ್ರ ದಂಗೆ’ ಬಂತು. ಸಂಸತ್ತಿನ ಎರಡೂ ಸದನ ಒಂದು ತಿಂಗಳೊಳಗೆ ಒಪ್ಪಬೇಕು, ಅದೂ ವಿಶೇಷ ಬಹುಮತದಿಂದ.

356ನೇ ವಿಧಿ, ರಾಜ್ಯ ಸರಕಾರವನ್ನು ಇಳಿಸುವುದು. ಇಲ್ಲಿ ಎಸ್.ಆರ್. ಬೊಮ್ಮಾಯಿ ಪ್ರಕರಣದ 1994ರ ತೀರ್ಪು ಓದದೆ ಪೆನ್ನು ಮುಟ್ಟಬೇಡಿ. ಸಂಸತ್ತು ಒಪ್ಪುವ ಮೊದಲು ವಿಧಾನಸಭೆ ವಿಸರ್ಜಿಸುವ ಹಾಗಿಲ್ಲ ಎಂದು ಅದು ಹೇಳಿದೆ. 1994ಕ್ಕಿಂತ ಮೊದಲಿನ ಮಾದರಿಯಲ್ಲಿ ಒಂದೇ ಏಟಿಗೆ ವಿಸರ್ಜನೆ ಮಾಡಿಸಿದರೆ ಓದುಗ ಅಲ್ಲಿಗೇ ಪುಸ್ತಕ ಮುಚ್ಚುತ್ತಾನೆ.

123ನೇ ವಿಧಿ, ಸುಗ್ರೀವಾಜ್ಞೆ. ಎರಡೂ ಸದನಗಳು ಕೂತಿರುವಾಗ ಹೊರಡಿಸಲಾಗದು; ಅಧಿವೇಶನ ಶುರುವಾಗಿ ಆರು ವಾರದಲ್ಲಿ ಒಪ್ಪಿಗೆ ಸಿಗದಿದ್ದರೆ ಬಿದ್ದುಹೋಗುತ್ತದೆ. 360, ಹಣಕಾಸಿನ ತುರ್ತು ಪರಿಸ್ಥಿತಿ: ಈವರೆಗೆ ಒಮ್ಮೆಯೂ ಬಂದಿಲ್ಲ, ಹೊಸ ಹೊಲ ಬೇಕಾದವರಿಗೆ ಇದು ಇದೆ. 72, ಕ್ಷಮಾದಾನ: ಗಲ್ಲಿನ ಕಥೆಗಳು ಬೇಕಾದಷ್ಟು ಬಂದಿರುವುದರಿಂದ ಸದ್ಯಕ್ಕೆ ಬಿಟ್ಟುಬಿಡಿ.

4. ನಾಯಕನ ಕೈಯಲ್ಲಿರುವ ಆಯುಧಗಳು

ಇಲ್ಲಿಯೇ ಇಡೀ ಕಾದಂಬರಿ ನಿಲ್ಲುವುದು ಅಥವಾ ಬೀಳುವುದು. ರಾಷ್ಟ್ರಪತಿಗೆ ಏನು ಮಾಡಲಿಕ್ಕಾಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಏನು ಮಾಡಬಹುದು ಎಂಬುದರ ಪಟ್ಟಿ ಚಿಕ್ಕದು, ಹರಿತವಾದದ್ದು.

ವಾಪಸ್ ಕಳಿಸುವುದು. 74ನೇ ವಿಧಿಯಂತೆ ಸಂಪುಟದ ಸಲಹೆಯನ್ನು ಮರುಪರಿಶೀಲನೆಗೆ ಒಮ್ಮೆ ಕಳಿಸಬಹುದು. ಎರಡನೇ ಸಲ ಬಂದರೆ ಒಪ್ಪಲೇಬೇಕು. ಕೆ.ಆರ್. ನಾರಾಯಣನ್ 1997ರಲ್ಲಿ ಉತ್ತರ ಪ್ರದೇಶದ ಮೇಲೆ, 1998ರಲ್ಲಿ ಬಿಹಾರದ ಮೇಲೆ ರಾಷ್ಟ್ರಪತಿ ಆಳ್ವಿಕೆಯ ಶಿಫಾರಸು ಬಂದಾಗ ಹೀಗೆ ವಾಪಸ್ ಕಳಿಸಿದ್ದರು. ಎರಡೂ ಸಲ ಸಂಪುಟ ಆಗ ಪಟ್ಟು ಹಿಡಿಯಲಿಲ್ಲ. ನಿಮ್ಮ ನಾಯಕನ ಹತ್ತಿರ ಇರುವುದು ಒಂದೇ ಗುಂಡು. ಯಾವ ಅಧ್ಯಾಯದಲ್ಲಿ ಹಾರಿಸುತ್ತಾನೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಮಧ್ಯಭಾಗಕ್ಕಿಂತ ಮುಂಚೆ ಹಾರಿಸಿದರೆ ಕೊನೆಗೆ ಕೈ ಖಾಲಿ.

ಕೇಳುವುದು. 78ನೇ ವಿಧಿ ಪ್ರಕಾರ ಆಡಳಿತದ ಬಗ್ಗೆ ರಾಷ್ಟ್ರಪತಿ ಕೇಳಿದ ಮಾಹಿತಿಯನ್ನು ಕೊಡುವುದು ಪ್ರಧಾನಿಯ ಕರ್ತವ್ಯ. ಒಬ್ಬನೇ ಸಚಿವ ತೆಗೆದುಕೊಂಡ ತೀರ್ಮಾನವನ್ನು ಸಂಪುಟದ ಮುಂದಿಡಿ ಎಂದೂ ಕೇಳಬಹುದು. ಥ್ರಿಲ್ಲರಿಗೆ ಇದು ಬಂಗಾರ. ಹ್ಯಾರಿ ಟ್ರೂಮನ್ 82 ದಿನ ಉಪಾಧ್ಯಕ್ಷನಾಗಿದ್ದು 1945ರ ಏಪ್ರಿಲ್ 12ರಂದು ಅಧ್ಯಕ್ಷನಾದ ಮೇಲಷ್ಟೇ ಅಣುಬಾಂಬಿನ ಪೂರ್ಣ ವಿವರ ಅವನ ಕಿವಿಗೆ ಬಿದ್ದದ್ದು. ಎಣಿಸದೆ ಬಂದವನಿಗೆ ಯಾರೂ ಏನೂ ಹೇಳಿರುವುದಿಲ್ಲ. ಅವನಿಗೆ ಗೊತ್ತಿಲ್ಲದ ಒಂದು ದೊಡ್ಡ ಸಂಗತಿ ಇರಲಿ, ಅದನ್ನು 78ನೇ ವಿಧಿಯ ಒಂದು ಪತ್ರ ಹೊರಗೆಳೆಯಲಿ.

ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳುವುದು 143ನೇ ವಿಧಿ. ಇದಕ್ಕೂ ಸಂಪುಟದ ಸಲಹೆ ಬೇಕು ಎಂಬುದನ್ನು ಮರೆತು, ರಾಷ್ಟ್ರಪತಿ ತಾನೇ ನ್ಯಾಯಾಲಯಕ್ಕೆ ಬರೆದ ಹಾಗೆ ಚಿತ್ರಿಸುವವರಿದ್ದಾರೆ.

ತಡಮಾಡುವುದು ಕೊನೆಯದು. ಮಸೂದೆಗೆ ಇಷ್ಟೇ ದಿನದಲ್ಲಿ ಅಂಕಿತ ಹಾಕಬೇಕೆಂದು 111ನೇ ವಿಧಿ ಹೇಳುವುದಿಲ್ಲ. 1986ರ ಅಂಚೆ ಮಸೂದೆಗೆ ಜೈಲ್ ಸಿಂಗ್ ಸಹಿಯನ್ನೂ ಹಾಕಲಿಲ್ಲ, ವಾಪಸ್ಸೂ ಕಳಿಸಲಿಲ್ಲ. ಹಣಕಾಸು ಮಸೂದೆಯನ್ನು ಮಾತ್ರ ಹಿಂದಿರುಗಿಸುವ ಹಾಗಿಲ್ಲ. ಸಂವಿಧಾನ ತಿದ್ದುಪಡಿ ಮಸೂದೆಗೆ ಅಂಕಿತ ಹಾಕಲೇಬೇಕು.

ಈ ವಿಷಯದಲ್ಲಿ ಕನ್ನಡಿಗರಿಗೆ ಹತ್ತಿರದ ಮಾದರಿ ಬಿ.ಡಿ. ಜತ್ತಿ. ಜಮಖಂಡಿ ಸೀಮೆಯವರು, ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ತೀರಿಹೋದಾಗ ಉಪರಾಷ್ಟ್ರಪತಿಯಾಗಿದ್ದ ಅವರು ಹಂಗಾಮಿಯಾದರು. ಅವರ ಕಾಲದಲ್ಲೇ ಚುನಾವಣೆ ನಡೆಯಿತು, ತುರ್ತು ಪರಿಸ್ಥಿತಿ ತೆರವಾಯಿತು, ಮೊರಾರ್ಜಿ ದೇಸಾಯಿ ಪ್ರಧಾನಿಯಾದರು. ಏಪ್ರಿಲ್ ಕೊನೆಯಲ್ಲಿ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಸಲಹೆ ಬಂದಾಗ ಅವರು ಕೂಡಲೇ ಸಹಿ ಹಾಕಲಿಲ್ಲ. ಒಂದು ದಿನ ತಡವಾಯಿತು, ದಿಲ್ಲಿ ಗಡಬಡಿಸಿತು, ಆಮೇಲೆ ಸಹಿ ಬಿತ್ತು. ಆ ಒಂದು ದಿನವನ್ನೇ ಇನ್ನೂರು ಪುಟ ಮಾಡಬಹುದು.

ಬರೆಯುವಾಗಿನ ವ್ಯತ್ಯಾಸ ಹೀಗೆ. ಕೆಟ್ಟ ರೂಪ: ರಾಷ್ಟ್ರಪತಿ ಮೇಜು ಗುದ್ದಿ, “ಇದು ನನ್ನ ಆಜ್ಞೆ, ಸೇನೆ ಹಿಂದೆ ಬರಲಿ!” ಎಂದು ಗುಡುಗಿದರು. ನಡೆಯುವ ರೂಪ:

ಫೈಲನ್ನು ಕೊನೆಯವರೆಗೆ ಓದಿ, ಮತ್ತೆ ಮೊದಲ ಹಾಳೆಗೆ ಬಂದರು.
“ಸಂಪುಟದ ತೀರ್ಮಾನ ಇದರಲ್ಲಿ ಇಲ್ಲವಲ್ಲ?”
“ಬೆಳಿಗ್ಗೆ ಕಳಿಸ್ತಾರೆ ಸರ್. ಪ್ರಧಾನಿಯವರು ಲೈನಿನಲ್ಲಿ ಇದ್ದಾರೆ.”
“ಮಾತಾಡುವ. ಸಹಿ ಮಾತ್ರ ಬೆಳಿಗ್ಗೆಯೇ.”

ಮಾತಿನಲ್ಲೇ ಯುದ್ಧ ನಡೆಸುವುದು ನಮ್ಮ ಕಡೆಯವರಿಗೆ ಹೊಸತೇನಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ; ಶಲ್ಯ ಹೊದ್ದು ಕೂತ ಇಬ್ಬರ ವಾದಕ್ಕೆ ಸಭೆ ಬೆಳಗಿನವರೆಗೆ ಕೂರುತ್ತದೆ. ಪ್ರಧಾನಿಯ ವಾದವೂ ಅಷ್ಟೇ ಗಟ್ಟಿಯಿರಬೇಕು. ಖಳನಾಯಕನ ಬಾಯಲ್ಲಿ ಬರೀ ಕುಹಕ ತುಂಬಿದರೆ ಪ್ರಸಂಗ ಸೋಲುತ್ತದೆ.

5. ಗಡಿಯಾರ ಕಟ್ಟಿ

ಮೊದಲ 72 ಗಂಟೆಗಳನ್ನು ಗಂಟೆಗಂಟೆಯಾಗಿ ಕಾರ್ಡಿನ ಮೇಲೆ ಬರೆಯಿರಿ. ಪ್ರಮಾಣವಚನ, ಅಂತ್ಯಕ್ರಿಯೆ, ಮೊದಲ ಫೈಲು, ಮೊದಲ ಸುಳ್ಳು. ನಿಜ ಜೀವನದ ಸಮಯಗಳನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. 1984ರ ಅಕ್ಟೋಬರ್ 31ರಂದು ಬೆಳಿಗ್ಗೆ ಇಂದಿರಾ ಗಾಂಧಿಯವರ ಹತ್ಯೆ. ಯೆಮೆನ್ ಪ್ರವಾಸದಲ್ಲಿದ್ದ ರಾಷ್ಟ್ರಪತಿ ವಾಪಸ್ ಬಂದು ಅದೇ ಸಂಜೆ ರಾಜೀವ್ ಗಾಂಧಿಯವರಿಗೆ ಪ್ರಮಾಣವಚನ ಬೋಧಿಸಿದರು. 2005ರ ಮೇಯಲ್ಲಿ ಬಿಹಾರ ವಿಧಾನಸಭೆ ವಿಸರ್ಜನೆಗೆ ಅಬ್ದುಲ್ ಕಲಾಂ ಒಪ್ಪಿಗೆ ಕೊಟ್ಟದ್ದು ಮಾಸ್ಕೋದಿಂದ. ಅದೇ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಅಸಾಂವಿಧಾನಿಕ ಎಂದಿತು. 2019ರ ನವೆಂಬರ್ 23ರಂದು ಮಹಾರಾಷ್ಟ್ರದ ರಾಷ್ಟ್ರಪತಿ ಆಳ್ವಿಕೆ ತೆರವಾದದ್ದು ಬೆಳಿಗ್ಗೆ 5.47ಕ್ಕೆ. ಸಂಪುಟ ಸೇರದೆಯೇ, ಕೇಂದ್ರದ ಕಾರ್ಯಕಲಾಪ ನಿಯಮಗಳ 12ನೇ ನಿಯಮದ ಬಲದಿಂದ. ಸಂಪುಟದ ಒಪ್ಪಿಗೆಯನ್ನು ಆಮೇಲೆ ಪಡೆಯಲು ಪ್ರಧಾನಿಗೆ ಅವಕಾಶ ಕೊಡುವ ನಿಯಮ ಇದು. ನಿಮ್ಮ ಪ್ರಧಾನಿಗೆ ಇದು ಗೊತ್ತಿರಲಿ, ನಿಮ್ಮ ರಾಷ್ಟ್ರಪತಿಗೆ ಗೊತ್ತಿಲ್ಲದಿರಲಿ.

6. ಕಾಸರಗೋಡನ್ನು ಅಲಂಕಾರಕ್ಕೆ ತರಬೇಡಿ

ನಾಯಕ ಬೇಕಲ ಕೋಟೆಯಲ್ಲಿ ನಿಂತು ಸಮುದ್ರ ನೋಡುವ ದೃಶ್ಯ ಬರೆದಿದ್ದರೆ ಹರಿದುಹಾಕಿ. ಊರು ಕಥೆಗೆ ಬೇಕಾಗುವುದು ಅದರಿಂದ ಫೈಲಿನ ತೂಕ ಹೆಚ್ಚುವುದಾದರೆ ಮಾತ್ರ. ನಮ್ಮ ಅದೃಷ್ಟಕ್ಕೆ ರಾಷ್ಟ್ರಪತಿಯ ಪೆನ್ನಿಗೂ ಕಾಸರಗೋಡಿಗೂ ನೇರ ಸಂಬಂಧ ಸಂವಿಧಾನದಲ್ಲೇ ಇದೆ. ರಾಜ್ಯಗಳ ಗಡಿ ಬದಲಿಸುವ ಮಸೂದೆಯನ್ನು ರಾಷ್ಟ್ರಪತಿಯ ಶಿಫಾರಸಿಲ್ಲದೆ ಮಂಡಿಸುವಂತಿಲ್ಲ (3ನೇ ವಿಧಿ). ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯನ್ನು ನೇಮಿಸುವವರೂ ಆತನ ವರದಿ ಪಡೆಯುವವರೂ ರಾಷ್ಟ್ರಪತಿ (350ಬಿ). 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋದ ತಾಲೂಕಿನವನು, ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಕರ್ನಾಟಕಕ್ಕೆ ಸೇರಲಿ ಎಂದ ಮಹಾಜನ ವರದಿಯನ್ನು ಕೇಳುತ್ತ ಬೆಳೆದವನು, ಆ ಕುರ್ಚಿಯಲ್ಲಿ ಕೂತಾಗ ಪ್ರಧಾನಿ ಅದನ್ನೇ ಆಮಿಷವಾಗಿ ಮುಂದೊಡ್ಡಿದರೆ? “352ಕ್ಕೆ ಸಹಿ ಹಾಕಿ, 3ನೇ ವಿಧಿಯ ಫೈಲು ಮುಂದಿನ ತಿಂಗಳು ಬರುತ್ತದೆ.” ಇದಕ್ಕಿಂತ ಒಳ್ಳೆಯ ಇಕ್ಕಟ್ಟು ಬೇರೆಲ್ಲೂ ಸಿಗಲಿಕ್ಕಿಲ್ಲ.

ಬಿಕ್ಕಟ್ಟಿನ ಬಿಸಿ ಊರಿಗೆ ತಟ್ಟುವ ರೀತಿಯೂ ಇಲ್ಲಿನದೇ ಆಗಿರಲಿ. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದವರ ಆಂಬುಲೆನ್ಸುಗಳು ತಲಪಾಡಿಯಲ್ಲಿ ನಿಂತವು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ರಾಷ್ಟ್ರಪತಿಯ ತಂಗಿ ಫೋನು ಮಾಡಿ, “ಅಣ್ಣಾ, ತಲಪಾಡಿಯಲ್ಲಿ ಬಿಡುವುದಿಲ್ಲ ಅಂತೆ. ಇವರಿಗೆ ನಾಳೆ ಡಯಾಲಿಸಿಸ್ ಉಂಟು, ಎಂತ ಮಾಡುವುದು?” ಎಂದರೆ ಸಾಕು, ಪುಟಗಟ್ಟಲೆ ವರ್ಣನೆ ಬೇಡ. ಇನ್ನೊಂದು ದಾರಿ ಕೊಲ್ಲಿ. 1990ರಲ್ಲಿ ಕುವೈತಿನಿಂದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನದಲ್ಲಿ ಕರೆತಂದರು. ಮನೆಗೊಬ್ಬರು ಕೊಲ್ಲಿಯಲ್ಲಿರುವ ಊರುಗಳಿಗೆ ಅಲ್ಲಿನ ಯುದ್ಧ ದೂರದ ಸುದ್ದಿಯಲ್ಲ.

ಎಂಡೋಸಲ್ಫಾನ್ ಕೀಟನಾಶಕದ ದುರಂತವನ್ನು ಮಾತ್ರ ಕಥೆಗೆ ಖಾರ ಹೆಚ್ಚಿಸಲು ಬಳಸಬೇಡಿ. ಅದರಿಂದ ನೊಂದ ಮನೆಗಳವರು ಇಂದಿಗೂ ಇಲ್ಲೇ ಇದ್ದಾರೆ, ನಿಮ್ಮ ಪುಸ್ತಕ ಅವರ ಕೈಗೂ ಹೋಗುತ್ತದೆ.

ಸಣ್ಣ ವಿವರಗಳಲ್ಲಿ ಎಚ್ಚರ. ಇಲ್ಲಿ ಇರುವುದು ವಿಲ್ಲೇಜ್ ಆಫೀಸ್, ಗ್ರಾಮಲೆಕ್ಕಿಗನಲ್ಲ. ಅರ್ಜಿ ಹಾಕುವುದು ಅಕ್ಷಯ ಕೇಂದ್ರದಲ್ಲಿ. ಕಲೆಕ್ಟರೇಟ್ ಇರುವುದು ವಿದ್ಯಾನಗರದಲ್ಲಿ. ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ. ನಾಯಕನ ಬಾಲ್ಯ ಅದಕ್ಕಿಂತ ಹಿಂದಿನದಾದರೆ ‘ಕಾಸರಗೋಡು ಜಿಲ್ಲೆ’ ಎಂದು ಬರೆಯಬೇಡಿ, ಆಗ ಅದು ಕಣ್ಣೂರು ಜಿಲ್ಲೆ.

7. ಸುತ್ತಲಿನ ಜನ, ಸಂಬೋಧನೆ

ರಾಷ್ಟ್ರಪತಿಯ ಸುತ್ತ ಎಸ್‌ಪಿಜಿ ಕಮಾಂಡೋಗಳನ್ನು ನಿಲ್ಲಿಸುವುದು ತೀರಾ ಸಾಮಾನ್ಯ ತಪ್ಪು. ಆ ಪಡೆ ಪ್ರಧಾನಿಗೆ. ರಾಷ್ಟ್ರಪತಿಗೆ ಸೇನೆಯ ಅಂಗರಕ್ಷಕ ಕುದುರೆ ಪಡೆ ಇದೆ, ಭದ್ರತೆಗೆ ದಿಲ್ಲಿ ಪೊಲೀಸರಿದ್ದಾರೆ. ಕಚೇರಿಯಲ್ಲಿ ಮುಖ್ಯರು ಇಬ್ಬರು: ಫೈಲು ನೋಡುವ ಕಾರ್ಯದರ್ಶಿ, ಸಮಾರಂಭ ಪ್ರಯಾಣ ನೋಡುವ ಮಿಲಿಟರಿ ಕಾರ್ಯದರ್ಶಿ. ಹಿಂದಿನ ರಾಷ್ಟ್ರಪತಿ ನೇಮಿಸಿಕೊಂಡ ಕಾರ್ಯದರ್ಶಿಯನ್ನೇ ಮುಂದುವರಿಸಿ, ಅವನು ಯಾರ ಕಡೆಯವನು ಎಂಬ ಅನುಮಾನವನ್ನು ಅರ್ಧ ಪುಸ್ತಕದವರೆಗೆ ಎಳೆಯಿರಿ. ‘ಮಹಾಮಹಿಮ’ ಎಂಬುದನ್ನು ದೇಶದೊಳಗಿನ ವ್ಯವಹಾರಕ್ಕೆ 2012ರಲ್ಲೇ ಕೈಬಿಡಲಾಯಿತು. ‘ಮಾನ್ಯ ರಾಷ್ಟ್ರಪತಿ’ ಸಾಕು.

ದಿಲ್ಲಿಯಲ್ಲಿ ಶಿಷ್ಟ ಕನ್ನಡ, ಊರಿನ ಫೋನಿನಲ್ಲಿ ಊರಿನ ಕನ್ನಡ. ಹವ್ಯಕ ಮನೆಯಾದರೆ ಹವಿಗನ್ನಡ, ಇಲ್ಲವೇ ತುಳು, ಬ್ಯಾರಿ, ಮಲಯಾಳದ ಒಂದೆರಡು ಮಾತು. ಮೂರು ಸಾಲಿಗಿಂತ ಹೆಚ್ಚಾದರೆ ಧಾರವಾಡದ ಓದುಗ ತಬ್ಬಿಬ್ಬಾಗುತ್ತಾನೆ.

8. ಅಳತೆ

ಅರವತ್ತು ಸಾವಿರ ಪದ, ಸುಮಾರು 1500 ಪದದ 40 ಅಧ್ಯಾಯ. ಕುರ್ಚಿ 4ನೇ ಅಧ್ಯಾಯದೊಳಗೆ ಖಾಲಿಯಾಗಲಿ, ಮೊದಲ ಫೈಲು 8ರೊಳಗೆ ಬರಲಿ, ವಾಪಸ್ ಕಳಿಸುವುದು 24ರ ಆಸುಪಾಸು, ಎರಡನೇ ಸಲ ಅದೇ ಫೈಲು ಬರುವುದು 33. ಪ್ರತಿ ಕಾರ್ಡಿನ ಮೂಲೆಯಲ್ಲಿ ಎರಡು ಸಂಗತಿ ಬರೆಯಿರಿ: ಆ ಹೊತ್ತಿನ ಸಮಯ, ಮತ್ತು ಸಂಸತ್ತು ಕೂತಿದೆಯೇ ಇಲ್ಲವೇ. ಎರಡನೆಯದನ್ನು ಮರೆತರೆ ಸುಗ್ರೀವಾಜ್ಞೆ ಇರುವ ಕಥಾನಕ ಖಂಡಿತ ಕುಸಿಯುತ್ತದೆ.

9. ಅಚ್ಚಿಗೆ ಕೊಡುವ ಮೊದಲು

ಈಗ ಅಧಿಕಾರದಲ್ಲಿರುವ ಯಾರನ್ನೂ ಹೆಸರು ತಿರುಚಿ ತರಬೇಡಿ. ಊರು, ಜಾತಿ, ಮೀಸೆ, ಮಾತಿನ ಧಾಟಿ ಎಲ್ಲ ಹೊಂದಿದರೆ ಹೆಸರು ಬದಲಿಸಿಯೂ ಪ್ರಯೋಜನವಿಲ್ಲ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ ಕಲಂ 356. (ಹೌದು, ಅದೇ ಸಂಖ್ಯೆ.) ನಿಜವಾದ ರಾಷ್ಟ್ರಪತಿಗಳು ನಿಮ್ಮ ಕಥೆಯ ವರ್ಷಕ್ಕಿಂತ ಹಿಂದಿನ ಇತಿಹಾಸವಾಗಿ ಬಂದರೆ ತೊಂದರೆಯಿಲ್ಲ, ಆದರೆ ಅವರ ಬಾಯಿಗೆ ಹೊಸ ಮಾತು ತುರುಕಬೇಡಿ.

ಮುಖಪುಟಕ್ಕೆ ನಾಲ್ಕು ಸಿಂಹದ ಲಾಂಛನ ಹಾಕಿಸುವ ಆಸೆ ಮುದ್ರಕರಿಗೂ ಇರುತ್ತದೆ. ಬೇಡ ಅನ್ನಿ. ರಾಷ್ಟ್ರ ಲಾಂಛನದ ದುರ್ಬಳಕೆ ತಡೆಯುವ 2005ರ ಕಾಯ್ದೆ ಇದೆ. ಒಂದು ಫೈಲು, ಅದರ ಕೆಂಪು ದಾರ, ಪಕ್ಕದಲ್ಲಿ ಮುಚ್ಚಳ ತೆಗೆಯದ ಪೆನ್ನು ಹಾಕಿಸಿ.

ಕೊನೆಗೆ ಹಸ್ತಪ್ರತಿಯನ್ನು ಇಬ್ಬರಿಗೆ ಕೊಡಿ: ಒಬ್ಬರು ವಕೀಲರು, ಇನ್ನೊಬ್ಬರು ಥ್ರಿಲ್ಲರ್ ಬಿಟ್ಟು ಬೇರೇನೂ ಓದದವರು. ವಕೀಲರಿಗೆ ವಿಧಿಗಳ ಸಂಖ್ಯೆ ಇರುವ ಪುಟಗಳಿಗೆ ಗುರುತು ಹಾಕಿ ಕೊಡಿ, ಇಡೀ ಪುಸ್ತಕ ಓದಲು ಅವರಿಗೆ ಪುರುಸೊತ್ತಿರುವುದಿಲ್ಲ. ಇನ್ನೊಬ್ಬರಿಗೆ ಏನೂ ಹೇಳದೆ ಕೊಟ್ಟು, ಯಾವ ಪುಟದಲ್ಲಿ ಓದು ನಿಲ್ಲಿಸಿ ಚಹಾ ಕುಡಿಯಲು ಎದ್ದರು ಎಂದು ಮಾತ್ರ ಕೇಳಿ. ಅದರ ಹಿಂದಿನ ಅಧ್ಯಾಯ ತಿದ್ದಿ.